ಟ್ಯೂಬಿಂಗೆನ್ ನೋಡಲು ಹೋಗುವ ಕನ್ನಡಿಗರು

ಜರ್ಮನಿಗೆ ಹೋಗುವ ಕನ್ನಡದ ಅಧ್ಯಾಪಕರ ಪ್ರವಾಸಪಟ್ಟಿಯಲ್ಲಿ ಟ್ಯೂಬಿಂಗೆನ್ ಎಂಬ ಪುಟ್ಟ ಪಟ್ಟಣದ ಹೆಸರು ಇದ್ದೇ ಇರುತ್ತದೆ. ನೆಕ್ಕಾರ್ ನದಿಯ ಸೇತುವೆಯ ಮೇಲೆ ಒಂದು ಛಾಯಾಚಿತ್ರ, 1807ರಿಂದ 1843ರವರೆಗೆ ಕವಿ ಹೋಲ್ಡರ್ಲಿನ್ ಬದುಕಿದ್ದ ನದೀತೀರದ ಗೋಪುರದ ಎದುರು ಇನ್ನೊಂದು, ಬಳಿಕ ‘ಕನ್ನಡ ನಿಘಂಟಿನ ಕಿಟೆಲ್ ಕೊನೆಯುಸಿರೆಳೆದ ಊರು ಇದು’ ಎಂಬ ಭಾವುಕ ಸ್ಮರಣೆ. ಅಲ್ಲಿಗೆ ಯಾತ್ರೆ ಮುಗಿಯುತ್ತದೆ. ಹಿಂದಿರುಗಿದ ಮೇಲೆ ಬರುವ ಪ್ರವಾಸಕಥನದಲ್ಲಿ ಕಿಟೆಲ್ಲರ ಬಗೆಗೆ ಒಂದು ಕಂಡಿಕೆ, ಊಟೋಪಚಾರದ ಬಗೆಗೆ ಮೂರು ಕಂಡಿಕೆ. ಇದರಿಂದ ಕನ್ನಡಕ್ಕಾಗುವ ಪ್ರಯೋಜನವೇನೆಂದು ಕೇಳಿಕೊಳ್ಳುವುದು ಅವಶ್ಯ.

ಆ ಊರಿನ ವಿಶ್ವವಿದ್ಯಾಲಯ 1477ರಲ್ಲಿ ಸ್ಥಾಪನೆಗೊಂಡದ್ದು. ಕೆಪ್ಲರ್, ಹೆಗೆಲ್, ಶೆಲ್ಲಿಂಗ್ ಅಲ್ಲಿ ಓದಿದರು. ಕೋಟೆಯ ಹಳೆಯ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡಿದ್ದ ಆ ವಿದ್ಯಾಲಯದಲ್ಲಿ 1869ರಲ್ಲಿ ಮೀಷರ್ ಎಂಬ ಯುವಕ ಇಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಮೊದಲು ಬೇರ್ಪಡಿಸಿದ. ಇವೆಲ್ಲ ಮಾರ್ಗದರ್ಶಿ ಪುಸ್ತಕಗಳಲ್ಲಿವೆ. ಕನ್ನಡಕ್ಕೆ ಸಂಬಂಧಿಸಿದ ಟ್ಯೂಬಿಂಗೆನ್ ಬೇರೆಯದು; ಅದು ಊರಿನ ಬೀದಿಗಳಲ್ಲಿ ಕಾಣುವುದಿಲ್ಲ, ಗ್ರಂಥಾಲಯದಲ್ಲಿ ಕಾಣುತ್ತದೆ.

ಹರ್ಮನ್ ಮೋಗ್ಲಿಂಗ್ ಅಲ್ಲಿ ದೇವತಾಶಾಸ್ತ್ರ ಓದಿ 1836ರಲ್ಲಿ ಮಂಗಳೂರಿಗೆ ಬಂದವರು. 1843ರ ‘ಮಂಗಳೂರ ಸಮಾಚಾರ’ದ ಮೂಲಕ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು ಪತ್ರಿಕೆಗಾಗಿ ಅಲ್ಲ, ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಕಲ್ಲಚ್ಚಿನ ಕಾವ್ಯಮಾಲೆಗಾಗಿ. ಬಸವಪುರಾಣ, ಜೈಮಿನಿಭಾರತ, ತೊರವೆರಾಮಾಯಣ, ದಾಸರ ಪದಗಳು ಆ ಮಾಲೆಯಲ್ಲಿ ಬಂದವು. ಪಂಪ, ಪೊನ್ನ, ರನ್ನರಿಗೆ ಅಲ್ಲಿ ಸ್ಥಾನವಿರಲಿಲ್ಲ. ಇದನ್ನು ಪಕ್ಷಪಾತವೆನ್ನುವುದು ಅನ್ಯಾಯ. ಜನರ ಬಾಯಲ್ಲಿ, ಪುರಾಣಶ್ರವಣದಲ್ಲಿ ಜೀವಂತವಾಗಿದ್ದ ಕಾವ್ಯಗಳತ್ತ ಮೊದಲು ಕೈಚಾಚಿದ್ದು ಸಹಜ. ಹತ್ತನೆಯ ಶತಮಾನದ ಜೈನಕಾವ್ಯಗಳ ಓಲೆಗರಿಗಳು ಆಗ ಭಂಡಾರಗಳ ಕತ್ತಲೆಯಲ್ಲಿದ್ದವು.

ಫರ್ಡಿನಾಂಡ್ ಕಿಟೆಲ್ಲರ ವಿಚಾರ ಇದಕ್ಕಿಂತ ಸ್ವಾರಸ್ಯಕರ. ಅವರು ವಿಶ್ವವಿದ್ಯಾಲಯದ ಪದವೀಧರರಲ್ಲ, ಬಾಸೆಲ್ ಮಿಶನ್ನಿನ ಪಾಠಶಾಲೆಯಲ್ಲಿ ತರಬೇತಾದವರು. 1853ರಲ್ಲಿ ಭಾರತಕ್ಕೆ ಬಂದ ಅವರು 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟು ಬಂತು. 1896ರಲ್ಲಿ ಟ್ಯೂಬಿಂಗೆನ್ ಅವರಿಗೆ ಡಾಕ್ಟರೇಟ್ ನೀಡಿತು. ಅದೇ ವರ್ಷ ಅದೇ ಊರಿನ ಪುಸ್ತಕದಂಗಡಿಯೊಂದರಲ್ಲಿ ಹತ್ತೊಂಬತ್ತರ ಹರೆಯದ ಹರ್ಮನ್ ಹೆಸ್ಸೆ ಕೆಲಸ ಕಲಿಯುತ್ತಿದ್ದ. ಮಲಯಾಳ ನಿಘಂಟಿನ ಗುಂಡರ್ಟರ ಮೊಮ್ಮಗ ಆತ. ಕಿಟೆಲ್ ತಮ್ಮ ಕನ್ನಡ ವ್ಯಾಕರಣವನ್ನು 1903ರಲ್ಲಿ ಹೊರತಂದು, ಆ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು.

ಮೋಗ್ಲಿಂಗರ ಮಾಲೆಯಲ್ಲಿ ಕಾಣದ ಜೈನಕವಿಗಳು ಕಿಟೆಲ್ಲರ ನಿಘಂಟನ್ನು ಪ್ರವೇಶಿಸಿದ್ದು ಬಹುಮಟ್ಟಿಗೆ ಕೇಶಿರಾಜನ ಹೆಗಲೇರಿ. ಜನ್ನನ ಸೋದರಳಿಯನೂ ‘ಸೂಕ್ತಿಸುಧಾರ್ಣವ’ದ ಮಲ್ಲಿಕಾರ್ಜುನನ ಮಗನೂ ಆದ ಈ ವ್ಯಾಕರಣಕಾರ ತನ್ನ ಸೂತ್ರಗಳಿಗೆ ಲಕ್ಷ್ಯವನ್ನು ಪೂರ್ವಕವಿಗಳಿಂದ ತೆಗೆದವನು. ಆ ಲಕ್ಷ್ಯಪದಗಳನ್ನು ಕಿಟೆಲ್ ಒಂದೊಂದಾಗಿ ನಿಘಂಟಿಗೆ ಇಳಿಸಿದರು. ‘ವಿಕ್ರಮಾರ್ಜುನವಿಜಯ’ ಬಿ. ಎಲ್. ರೈಸರ ಸಂಪಾದಕತ್ವದಲ್ಲಿ ಅಚ್ಚಾದದ್ದು 1898ರಲ್ಲಿ, ಅಂದರೆ ನಿಘಂಟು ಬಂದ ನಾಲ್ಕು ವರ್ಷಗಳ ಮೇಲೆ. ಹಾಗಿರುವಾಗ ಕಿಟೆಲ್ಲರನ್ನು ಏಕಾಂಗಿ ವೀರನಂತೆ ಚಿತ್ರಿಸಿ ವಿಗ್ರಹಕ್ಕೆ ಹಾರ ಹಾಕುವುದರಲ್ಲಿ ಒಂದು ಅಪಚಾರವಿದೆ. ಹದಿಮೂರನೆಯ ಶತಮಾನದ ಜೈನ ವೈಯಾಕರಣನೊಬ್ಬನ, ಪ್ರತಿಕಾರರ, ನೆರವಾದ ಪಂಡಿತರ ಪರಿಶ್ರಮ ಆ ಹಾರದಡಿಯಲ್ಲಿ ಮುಚ್ಚಿಹೋಗುತ್ತದೆ. ಕಿಟೆಲ್ಲರೇ ಬದುಕಿದ್ದರೆ ಇದನ್ನು ಒಪ್ಪುತ್ತಿರಲಿಲ್ಲವೇನೋ.

ಇನ್ನು ಕೋಲಾರ ಸೀಮೆಯ ಮಾತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಕಾಲೇಜುಗಳಲ್ಲಿ ಕನ್ನಡ ಓದುವವರಲ್ಲಿ ಮನೆಯಲ್ಲಿ ತೆಲುಗು ಆಡುವವರು ಬಹಳ. ಹಳಗನ್ನಡದ ಪಾಠ ಬಂದಾಗ ಈ ಮಕ್ಕಳು ತಮ್ಮನ್ನು ಹೊರಗಿನವರೆಂದು ಭಾವಿಸಿಕೊಂಡು ಹಿಂದಿನ ಬೆಂಚಿಗೆ ಸರಿಯುತ್ತಾರೆ. ಮನೆಮಾತೇ ಕನ್ನಡವಾದವರಿಗೇ ಅರ್ಥವಾಗದ್ದು ನಮಗೆಲ್ಲಿ ಆದೀತು ಎಂಬ ಅಳುಕು. ವಸ್ತುಸ್ಥಿತಿ ಇದಕ್ಕೆ ತಿರುವುಮುರುವಾಗಿದೆ. ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’, ಹಾವು ‘ಪಾವು’, ಹೂವು ‘ಪೂ’. ಶ್ರೀನಿವಾಸಪುರದ ಮನೆಯಲ್ಲಿ ತಾಯಿ ಆಡುವ ತೆಲುಗಿನಲ್ಲಿ ಪಾಲು, ಪುಲಿ, ಪಾಮು, ಪುವ್ವು. ಹೊಸಗನ್ನಡದಲ್ಲಿ ‘ಹ’ಕಾರಕ್ಕೆ ತಿರುಗಿದ ‘ಪ’ಕಾರ ಆ ಮಕ್ಕಳ ನಾಲಗೆಯ ಮೇಲೆ ಇಂದಿಗೂ ಉಳಿದಿದೆ. ಹಳಗನ್ನಡದ ಬಾಗಿಲಿನ ಒಂದು ಬೀಗದ ಕೈ ಅವರ ಬಳಿಯೇ ಇದೆ. ಅದನ್ನು ತೋರಿಸಿಕೊಡುವವರು ಬೇಕು. ಕಿಟೆಲ್ಲರ ನಿಘಂಟು ತೋರಿಸಿಕೊಡುತ್ತದೆ. ಕನ್ನಡ ಶಬ್ದದ ಪಕ್ಕದಲ್ಲಿ ತೆಲುಗು, ತಮಿಳು, ತುಳು, ಮಲಯಾಳಗಳ ಜ್ಞಾತಿಪದಗಳನ್ನು ಅದು ಸೂಚಿಸುತ್ತ ಹೋಗುತ್ತದೆ. ಗಡಿಸೀಮೆಯ ತರಗತಿಗೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ. ಆದರೆ ಪರೀಕ್ಷೆಯ ದೃಷ್ಟಿಯಲ್ಲಿ ಕಿಟೆಲ್ ಎಂದರೆ ಒಂದು ಅಂಕದ ಪ್ರಶ್ನೆ: ನಿಘಂಟು ಪ್ರಕಟವಾದ ವರ್ಷ ಯಾವುದು?

ಮನೆಮಾತು ಬೇರೆಯಾದವರು ಕನ್ನಡವನ್ನು ಕಟ್ಟಿದ್ದು ಈ ಜಿಲ್ಲೆಗೆ ಹೊಸತೂ ಅಲ್ಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರ ಮನೆಮಾತು ತಮಿಳು. ಅವರ ‘ಚಿಕವೀರ ರಾಜೇಂದ್ರ’ 1983ರ ಜ್ಞಾನಪೀಠ ತಂದಿತು. 1834ರಲ್ಲಿ ಪದಚ್ಯುತನಾದ ಅದೇ ಕೊಡಗಿನ ಅರಸನ ನಾಡನ್ನು ಕುರಿತು ಮೋಗ್ಲಿಂಗ್ 1855ರಲ್ಲೇ ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದರು. ಮಾಸ್ತಿಯವರ ಕಾದಂಬರಿಯನ್ನೂ ಆ ಮಿಶನರಿಯ ವೃತ್ತಾಂತವನ್ನೂ ಎದುರುಬದುರಿಟ್ಟು ಓದುವ ಸಂಶೋಧನೆಯೊಂದು ಮಾಲೂರಿನಿಂದಲೇ ಹೊರಡಬಹುದು. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರಿಗೂ ಕಿಟೆಲ್ಲರಂತೆ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ. ಮೈಸೂರು ವಿಶ್ವವಿದ್ಯಾಲಯ 1961ರಲ್ಲಿ ಡಿ.ಲಿಟ್. ನೀಡಿ ಗೌರವಿಸಿತು.

ನೆರೆಯ ಮಲಯಾಳಿಗಳು ಟ್ಯೂಬಿಂಗೆನ್ನನ್ನು ನೋಡಿದ ರೀತಿ ಗಮನಾರ್ಹ. 2015ರಲ್ಲಿ ಕೇರಳದ ಮಲಯಾಳ ವಿಶ್ವವಿದ್ಯಾಲಯದ ಸಹಯೋಗದಿಂದ ಅಲ್ಲಿ ಗುಂಡರ್ಟ್ ಪೀಠ ಆರಂಭವಾಯಿತು. ಗುಂಡರ್ಟರ ಸಂಗ್ರಹವನ್ನು ಅಲ್ಲಿಯ ಗ್ರಂಥಾಲಯ ಗಣಕೀಕರಿಸಿ ಎಲ್ಲರಿಗೂ ತೆರೆದಿಟ್ಟಿದೆ. ಅದರಲ್ಲಿ ಬಾಸೆಲ್ ಮಿಶನ್ ಮುದ್ರಿಸಿದ ಕನ್ನಡ, ತುಳು ಗ್ರಂಥಗಳೂ ಇವೆ. ಮೋಗ್ಲಿಂಗರಿಗೂ ಕಿಟೆಲ್ಲರಿಗೂ ಡಾಕ್ಟರೇಟ್ ಕೊಟ್ಟ ಊರಿನಲ್ಲಿ ಅವರಿಬ್ಬರ ಹೆಸರಿನ ಒಂದು ಅಧ್ಯಯನಪೀಠ ಕರ್ನಾಟಕದ ಹಣದಿಂದ ನಡೆಯಬೇಕೆಂಬುದು ಅತಿಯಾಸೆಯೇನಲ್ಲ. ಪೀಠಕ್ಕೆ ಕಾಲ ಹಿಡಿಯುತ್ತದೆ, ಕಡತಗಳು ಓಡಾಡಬೇಕು. ಓದಿಗೆ ಅಂಥ ಅಡ್ಡಿಯಿಲ್ಲ. ಆ ಸಂಗ್ರಹವನ್ನು ತೆರೆಯಲು ವೀಸಾ ಬೇಡ, ವಿಮಾನದ ಟಿಕೆಟ್ಟೂ ಬೇಡ. ಕೋಲಾರದ ಯಾವ ಕಾಲೇಜಿನ ಗಣಕಯಂತ್ರದಲ್ಲಾದರೂ ಅದು ತೆರೆದುಕೊಳ್ಳುತ್ತದೆ.

ನಿಜವಾಗಿ ಅಲ್ಲಿಗೆ ಹೋಗುವವರು ಹೊರಡುವ ಮೊದಲು ಎರಡು ಪುಸ್ತಕ ತಿರುವಿಹಾಕಲಿ: ಕಿಟೆಲ್ಲರ ‘ಶಬ್ದಮಣಿದರ್ಪಣ’ದ ಆವೃತ್ತಿ, ಮತ್ತು ಕೋಲಾರ ಜಿಲ್ಲೆಯ ಶಾಸನಗಳಿರುವ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಕರೆದುಕೊಂಡರು. ಆ ಕುವಳಾಲವೇ ಇಂದಿನ ಕೋಲಾರ. ಈ ಸೀಮೆಯ ವೀರಗಲ್ಲುಗಳಲ್ಲಿ ಕಾಣುವ ಶಬ್ದಗಳಲ್ಲಿ ಎಷ್ಟು ನಿಘಂಟಿನಲ್ಲಿ ಸೇರಿವೆ, ಎಷ್ಟು ತಪ್ಪಿಹೋಗಿವೆ ಎಂಬ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದವರಿಗೆ ಟ್ಯೂಬಿಂಗೆನ್ನಿನ ಗ್ರಂಥಪಾಲಕರು ಸೇತುವೆಗಿಂತ ಹೆಚ್ಚಿನದನ್ನು ತೋರಿಸಿಯಾರು.