ಆರಿಸಿದರೂ ಆರದ ಕಣ್ಣು

ಮೊಬೈಲ್ ಆರಿಸಿದೊಡನೆ ಅದು ಮೌನವಾಯಿತೆಂದು ವಿಜಯಪುರದ ಮನೆಗಳಲ್ಲೂ ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲೂ ನಂಬುತ್ತೇವೆ. ಆದರೆ 2021ರಿಂದ ಹಲವು ಐಫೋನ್‌ಗಳು ಆರಿಸಿದ ನಂತರವೂ ಬ್ಲೂಟೂತ್ ಸಂಕೇತ ಸೂಸಿ, ತಾವಿರುವ ತಾಣವನ್ನು ಒಡೆಯನಿಗೆ ತಿಳಿಸಬಲ್ಲವು. ಕಳೆದುಹೋದ ಫೋನು ಸಿಗಲೆಂದೇ ಈ ಏರ್ಪಾಡು; ಬೇಡವೆಂದರೆ ನಿಲ್ಲಿಸಲೂಬಹುದು. ಸರಿ, ಸ್ಪಷ್ಟವಾಗಿ ಕೇಳದೆ ಅದನ್ನು ಮೊದಲೇ ಚಾಲೂ ಇಡುವುದೇಕೆ?

“ಮುಚ್ಚಿಡಲು ನಮಗೇನಿದೆ?” ಎನ್ನುವವರುಂಟು. ಪಾಪನಿವೇದನೆಯ ಗೋಪ್ಯತೆ ಅಪರಾಧಕ್ಕೆ ಆಶ್ರಯವೇ? ಅದು ಆತ್ಮದ ಘನತೆಗೆ ಕಾವಲು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು.

ದೇವರ ನೋಟ ಪ್ರೀತಿಯದು. ಯಂತ್ರದ ನೋಟಕ್ಕೆ ನಮ್ಮ ಒಪ್ಪಿಗೆ ಬೇಕು. ಪ್ರಿಯ ಕುಟುಂಬಗಳೇ, ಫೋನಿನ ಸೆಟ್ಟಿಂಗನ್ನು ಇಂದೇ ತೆರೆದು ನೋಡಿ, ನೀವೇ ನಿರ್ಧರಿಸಿ.