ಗೆದ್ದವರೆಲ್ಲ ಕಳ್ಳರಲ್ಲ
2022ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 19 ವರ್ಷದ ಹ್ಯಾನ್ಸ್ ನೀಮನ್ ಎದುರು ಸೋತ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್, ಮರುದಿನ ಟೂರ್ನಿಯನ್ನೇ ಬಿಟ್ಟು ಹೊರಟರು. ಹುಡುಗ ಮೋಸ ಮಾಡಿದ ಎಂಬ ಗುಲ್ಲೆದ್ದಿತು. 12 ಮತ್ತು 16ನೇ ವಯಸ್ಸಿನಲ್ಲಿ ಆನ್‌ಲೈನ್ ಆಟದಲ್ಲಿ ಮೋಸ ಮಾಡಿದ್ದೆ ಎಂದು ನೀಮನ್ ಒಪ್ಪಿಕೊಂಡರು. ನೂರಕ್ಕೂ ಹೆಚ್ಚು ಆನ್‌ಲೈನ್ ಆಟಗಳಲ್ಲಿ ಮೋಸ ನಡೆದಿರಬಹುದು ಎಂದಿತು ಚೆಸ್ ಡಾಟ್ ಕಾಮ್. ಎದುರುಬದುರು ಕೂತು ಆಡಿದ ಆಟದಲ್ಲಿ ಮಾತ್ರ ಪುರಾವೆ ಸಿಗಲಿಲ್ಲ. ಸರಿಯಾದ ಕಾರಣವಿಲ್ಲದೆ ಟೂರ್ನಿ ಬಿಟ್ಟಿದ್ದಕ್ಕೆ ವಿಶ್ವ ಚೆಸ್ ಸಂಸ್ಥೆ ಫಿಡೆ 2023ರಲ್ಲಿ ಕಾರ್ಲ್‌ಸನ್‌ಗೇ 10,000 ಯೂರೊ ದಂಡ ಹಾಕಿತು.

ಇವತ್ತು ಮೊಬೈಲಿನ ಚೆಸ್ ಎಂಜಿನ್ ವಿಶ್ವ ಚಾಂಪಿಯನ್ನರನ್ನೂ ಸೋಲಿಸುತ್ತದೆ. ಅನುಮಾನ ಸಹಜ. ಸಿಕ್ಕಿಬಿದ್ದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಅನುಮಾನವನ್ನೇ ತೀರ್ಪು ಮಾಡಿದರೆ, ದೊಡ್ಡವರನ್ನು ಸೋಲಿಸಿದ ಪ್ರತಿ ಹೊಸ ಹುಡುಗನೂ ಕಳ್ಳನಾಗುತ್ತಾನೆ. ಬೆರಳು ತೋರಿಸುವವರು ಮೊದಲು ಪುರಾವೆ ತೋರಿಸಲಿ.