ಹತ್ತು ಗೇಮಿನಾಗ ಎಂಜಿನ್ ತೂಗಬ್ಯಾಡ್ರಿ

1/4
ಮೊನ್ನೆ ಕ್ಲಾಸ್ ಗ್ರೂಪಿನಾಗ ಒಂದು ಸ್ಕ್ರೀನ್‌ಶಾಟ್ ಬಂತು. ಯಾವುದೋ ಹೊಸ ಚೆಸ್ ಆ್ಯಪ್, ಸ್ಟಾಕ್‌ಫಿಶ್ ಜೋಡಿ ಹತ್ತು ಗೇಮ್, 6–4. ಕೆಳಗ "ಸ್ಟಾಕ್‌ಫಿಶ್ ಕತಿ ಮುಗೀತು" ಅಂತ. ಎಲ್ಲಾರೂ ಬೆಂಕಿ ಇಮೋಜಿ ಹಾಕಿದ್ರಿ. ನಮ್ಮ ಮಂಗಳೂರಿನ (ಕಡಲ ದಂಡಿದಲ್ಲ, ಕೊಪ್ಪಳ ಜಿಲ್ಲಾದ್ದು) ಒಬ್ಬ ಹೈಸ್ಕೂಲ್ ಹುಡುಗ ಅದನ್ನ ನಂಬಿ, ಅಪ್ಪನ ಫೋನಿಂದ ರೊಕ್ಕ ಕಟ್ಟಿ ಆ ಆ್ಯಪಿನ ವರ್ಷದ ಪ್ಲಾನ್ ತಗೊಂಡಾನ. ಅದಕ್ಕ ಈ ಸಿಟ್ಟು.

2/4
ನಾವು ಬಿಕಾಂನವರು. ಸ್ಟ್ಯಾಟಿಸ್ಟಿಕ್ಸ್ ಪೇಪರ್ ಬರದೇವಿ, ಪಾಸೂ ಆಗೇವಿ. ಒಂದು ನಾಣ್ಯ ಹತ್ತು ಸಲ ಚಿಮ್ಮಿದ್ರ ಆರು ಅಥವಾ ಹೆಚ್ಚು ಹೆಡ್ಸ್ ಬೀಳೋ ಸಾಧ್ಯತೆ 1024ಕ್ಕ 386. ಅಂದ್ರ ಸುಮಾರು ಶೇ. 38. ಇಬ್ಬರೂ ಸರಿಸಮ ಇದ್ರೂ 6–4 ಆಗೋದು ಇಷ್ಟು ಸಲೀಸು! ಏರುಪೇರು ಅರ್ಧ ಆಗಬೇಕಂದ್ರ ಗೇಮ್ ನಾಲ್ಕು ಪಟ್ಟು ಬೇಕು. ಅದಕ್ಕ 2013ರಿಂದ ನಡದಿರೋ ಸ್ಟಾಕ್‌ಫಿಶ್‌ನ ಫಿಶ್‌ಟೆಸ್ಟ್‌ನಾಗ, ಜಗತ್ತಿನ ಮಂದಿ ಪುಕ್ಕಟೆ ಕೊಟ್ಟ ಕಂಪ್ಯೂಟರ್‌ಗಳ ಮ್ಯಾಲ, ಕೋಡಿನ ಒಂದು ಸಣ್ಣ ಬದಲಾವಣೆಗೂ ಸಾವಿರಗಟ್ಟಲೆ ಗೇಮ್ ಆಡಿಸ್ತಾರ. ಎರಡು ಮೂರು ಪಾಯಿಂಟ್ ಹೆಚ್ಚಾತೋ ಇಲ್ಲೋ ಅಂತ ತಿಳಕೊಳ್ಳಾಕ ಅಷ್ಟು ತ್ರಾಸು. ನಿಮ್ಮದು ಹತ್ತು ಗೇಮ್, ಅದೂ ಚಹಾ ಕುಡಿಯೋದ್ರಾಗ.

3/4
"ಹಂಗಾದ್ರ ಕ್ಯಾಸ್ಪರೋವ್–ಡೀಪ್ ಬ್ಲೂ ಆರೇ ಗೇಮ್ ಆಡಿದ್ರಲ್ಲ?" ಅಂತ ಒಬ್ಬ ಕೇಳ್ಯಾನ. ಛಲೋ ಪ್ರಶ್ನೆ. 1996ರಾಗ ಕ್ಯಾಸ್ಪರೋವ್ 4–2, 1997ರಾಗ ಡೀಪ್ ಬ್ಲೂ 3.5–2.5. ಮ್ಯಾಚ್ ಯಾರು ಗೆದ್ರು ಅನ್ನೋದು ಅದರಿಂದ ಗೊತ್ತಾಕ್ಕೈತಿ, ಯಾರ ಬಲ ಎಷ್ಟು ಅನ್ನೋದಲ್ಲ.

ಇನ್ನ ಟೈಮಿನ ಮಾತು. 1998ರಾಗ ನಮ್ಮ ವಿಶ್ವನಾಥನ್ ಆನಂದ್ ರೆಬೆಲ್ 10 ಅನ್ನೋ ಪ್ರೋಗ್ರಾಂಗೆ 5–3 ಸೋತ್ರು. ಒಳಗ ಬಿಡಿಸಿ ನೋಡ್ರಿ: ಲಗೂ ಲಗೂ ಆಡೋ ಗೇಮ್‌ಗಳಾಗ ಸೋಲು, ಪೂರ್ತಿ ಟೈಮಿನ ಎರಡು ಗೇಮಿನಾಗ ಆನಂದ್ 1.5–0.5 ಮುಂದ. ಟೈಮ್ ಬದಲಾದ್ರ ಉತ್ತರನೂ ಬದಲು. ಆ ಸ್ಕ್ರೀನ್‌ಶಾಟಿನಾಗ ಟೈಮ್ ಎಷ್ಟು, ಸ್ಟಾಕ್‌ಫಿಶ್ ಯಾವ ವರ್ಷನ್, ಲೆವೆಲ್ ಇಳಿಸಿದ್ರೋ ಇಲ್ಲೋ, ಒಂದೇ ಓಪನಿಂಗ್ ಬಿಳಿ-ಕರಿ ಅದಲು ಬದಲು ಮಾಡಿ ಆಡಿಸಿದ್ರೋ, ಏನರ ಐತೇನು? 2017ರಾಗ ಆಲ್ಫಾಜೀರೋ 100 ಗೇಮಿನಾಗ 28 ಗೆದ್ದು 72 ಡ್ರಾ ಮಾಡಿ ಒಂದೂ ಸೋಲದಿದ್ರೂ, ಸ್ಟಾಕ್‌ಫಿಶ್‌ಗೆ ಕೊಟ್ಟ ಟೈಮ್, ಮೆಮೊರಿ ಸರಿ ಇಲ್ಲಂತ ಮಂದಿ ಜಗಳ ತಗದ್ರು. ಆಮ್ಯಾಲ ಸಾವಿರ ಗೇಮ್ ಆಡಿಸಿ ತೋರಿಸಿದ್ರು. ಗೂಗಲ್‌ನವರನ್ನೇ ಬಿಡಲಿಲ್ಲ, ಈ ಆ್ಯಪ್‌ನವರನ್ನ ಯಾಕ ಬಿಡೋದು?

4/4
ಆ್ಯಪಿನ ಜಾಹೀರಾತಿನಾಗ "3700 ರೇಟಿಂಗ್" ಅಂತ ದೊಡ್ಡಕ್ಷರದಾಗ ಐತಿ. ಯಾವ ಪಟ್ಟಿದು? ಎಂಜಿನ್‌ಗಳು ತಮ್ಮ ತಮ್ಮೊಳಗ ಆಡಿ ಬಂದ ನಂಬರಿಗೂ ಗುಕೇಶ್ ಅವರ ಫಿಡೆ ರೇಟಿಂಗಿಗೂ ನೇರ ಹೋಲಿಕಿ ಇಲ್ಲ. ಸಿಸಿಆರ್‌ಎಲ್‌ನಂಥ ಪಟ್ಟಿಯವರು ನಂಬರಿನ ಬಾಜೂಕ ಏರುಪೇರು ಎಷ್ಟು ಅಂತನೂ ಹಾಕ್ತಾರ. ಮಾರೋರು ಅದನ್ನ ಕತ್ತರಿಸಿ ಒಗೀತಾರ.

ಆ ಹುಡುಗಗ ನಿನ್ನೆ ಲೀಚೆಸ್ ತೋರಿಸಿದೆ. ಅದರಾಗ ಸ್ಟಾಕ್‌ಫಿಶ್ ಪುಕ್ಕಟೆ ಐತಿ. "ಅಣ್ಣಾ, ಮೊದಲ ಯಾಕ ಹೇಳಲಿಲ್ಲ?" ಅಂದ. ಗ್ರೂಪಿನಾಗ ನಾನೂ ಸುಮ್ನ ಇದ್ದೆ, ಅದು ನನ್ನ ತಪ್ಪು. ಸ್ಕ್ರೀನ್‌ಶಾಟ್ ಹಾಕಿದವರು ಇವತ್ತು ರಾತ್ರಿ ಒಳಗ ಟೈಮ್, ವರ್ಷನ್, ಒಟ್ಟು ಎಷ್ಟು ಗೇಮ್ ಅಂತ ಬರೀರಿ. ಬರಿಯಾಕ ಆಗಲಿಲ್ಲಂದ್ರ ಡಿಲೀಟ್ ಮಾಡ್ರಿ.